ರಾಜಧಾನಿ ಸಿಕ್ಕಮೇಲೂ ಜಪಾಟಾ, ವಿಲ್ಲಾ ಸೋತಿದ್ದು ಯಾಕೆ?

ಮೆಕ್ಸಿಕೋ ಕ್ರಾಂತಿಯಲ್ಲಿ ದಕ್ಷಿಣದ ರೈತ ನಾಯಕ ಜಪಾಟಾ, ಉತ್ತರದ ಸೇನಾನಾಯಕ ವಿಲ್ಲಾ ಇಬ್ಬರ ಕೈಯಲ್ಲೂ 1914ರ ಡಿಸೆಂಬರ್‌ನಲ್ಲಿ ರಾಜಧಾನಿ ಮೆಕ್ಸಿಕೋ ಸಿಟಿಯೇ ಇತ್ತು, ಆಮೇಲೂ ಹೇಗೆ ಸೋತರು ಅನ್ನೋದು ಪ್ರಶ್ನೆ. ಅವರಿಬ್ಬರದು ಒಂದೇ ಪಡೆ ಅಂದುಕೊಂಡಿದ್ದೇ ತಪ್ಪು. ಆಗ ಅಧ್ಯಕ್ಷರ ಅರಮನೆಯಲ್ಲಿ ತೆಗೆದ ಫೋಟೋ ನೋಡಿ: ವಿಲ್ಲಾ ಅಧ್ಯಕ್ಷರ ಕುರ್ಚಿಯಲ್ಲಿ ನಗುತ್ತಾ ಕೂತಿದ್ದಾನೆ, ಪಕ್ಕದಲ್ಲಿ ಜಪಾಟಾ ದೊಡ್ಡ ಟೋಪಿ ತೊಡೆ ಮೇಲಿಟ್ಟುಕೊಂಡು ಮುಖ ಬಿಗಿದುಕೊಂಡಿದ್ದಾನೆ. ಜಪಾಟಾನಿಗೆ ಬೇಕಿದ್ದದ್ದು ತನ್ನ ಮೊರೆಲೋಸ್ ರಾಜ್ಯದ ಹಳ್ಳಿಗಳಿಂದ ಕಬ್ಬಿನ ಎಸ್ಟೇಟಿನವರು ಕಿತ್ತುಕೊಂಡ ಜಮೀನು, ಕುರ್ಚಿ ಅಲ್ಲ. ಅವನ ಜನ ಊರಿಗೆ ವಾಪಸ್ ಹೊರಟೇಬಿಟ್ಟರು. 1915ರ ಏಪ್ರಿಲ್‌ನಲ್ಲಿ ಸೆಲಾಯಾ ಊರಲ್ಲಿ, ಎದುರಾಳಿ ಬಣದ ನಾಯಕ ಕರಾನ್ಸಾನ ಸೇನಾಪತಿ ಒಬ್ರೆಗಾನ್‌ನ ಮುಳ್ಳುತಂತಿ, ಮೆಷಿನ್‌ಗನ್ ಎದುರು ವಿಲ್ಲಾನ ಕುದುರೆ ಪಡೆ ಒಂಟಿಯಾಗಿ ನುಗ್ಗಿ ನುಚ್ಚುನೂರಾಯಿತು. ಅದಕ್ಕೂ ಮೊದಲೇ, ಜನವರಿಯಲ್ಲಿ, ಕರಾನ್ಸಾ ಜಮೀನಿನ ಕಾನೂನು ಹೊರಡಿಸಿ ಇವರ ಬೇಡಿಕೆಯನ್ನೇ ತನ್ನದು ಮಾಡಿಕೊಂಡಿದ್ದ. ಜಾಣ, ಅಲ್ವಾ? ಒಂಟಿಯಾಗಿ ಉಳಿದ ಜಪಾಟಾನನ್ನು 1919ರಲ್ಲಿ ಚಿನಾಮೆಕಾದಲ್ಲಿ ಮೋಸದಿಂದ ಕೊಂದರು.