ಗಾಳ ಹಾಕಿ ಕುಳಿತವರ ಮುಂದೆ ದೋಣಿಯ ವೇಗ

ಇಂಗ್ಲೆಂಡಿನ ಕಾಲುವೆಯಲ್ಲಿ ಬಾಡಿಗೆಯ ನ್ಯಾರೋಬೋಟ್ (ಕಾಲುವೆಗೆಂದೇ ಮಾಡಿದ ಕಿರಿದಾದ, ಉದ್ದನೆಯ ದೋಣಿ) ನಡೆಸುವಾಗ, ದಡದಲ್ಲಿ ಗಾಳ ಹಾಕಿ ಕುಳಿತವರ ಬಳಿ ಎಂಜಿನ್ ನಿಲ್ಲಿಸಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ, ಎಂಜಿನ್ ನಿಂತರೆ ಚುಕ್ಕಾಣಿಯ ಹಿಡಿತವೂ ತಪ್ಪಿ, ದೋಣಿ ಅವರ ಕಡೆಗೇ ಸರಿಯಬಹುದು. ಅಲ್ಲಿನ ಕಾಲುವೆಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 4 ಮೈಲಿಯ ಮಿತಿಯಿದೆಯಾದರೂ, ಹಿಂತಿರುಗಿ ನೋಡಿದಾಗ ಅಲೆಗಳು ದಡಕ್ಕೆ ಬಡಿಯುತ್ತಿದ್ದರೆ ಆ ವೇಗವೂ ಹೆಚ್ಚೇ. ಆದ್ದರಿಂದ ಅವರನ್ನು ತಲುಪುವ ಮೊದಲೇ ವೇಗ ತಗ್ಗಿಸಿ, ಕಾಲುವೆಯ ನಡುವೆ ಒಂದೇ ಗತಿಯಲ್ಲಿ ಸಾಗಿ, ಕೊನೆಯವರನ್ನು ದಾಟುವವರೆಗೂ ಅದನ್ನು ಹೆಚ್ಚಿಸಬೇಡಿ. ಹತ್ತು ಮೀಟರಿಗೂ ಉದ್ದದ ಗಾಳದ ಕೋಲನ್ನು ಆಚೆ ದಡದತ್ತ ಚಾಚಿದವರು ಅದನ್ನು ಕಾಲುದಾರಿಯ ಮೇಲೆ ಹಿಂದಕ್ಕೆ ಜಾರಿಸಿಕೊಳ್ಳಬೇಕಾಗುತ್ತದೆ; ಅಷ್ಟು ಸಮಯ ಕೊಡುವುದು ದೋಣಿಯವರ ಹೊಣೆಯೆಂದೇ ನಾನು ತಿಳಿದಿದ್ದೇನೆ. ಅವರಲ್ಲಿ ಯಾರಾದರೂ ಕೈಸನ್ನೆಯಿಂದ ಬೇರೆ ದಿಕ್ಕು ತೋರಿಸಿದರೆ, ನೀರು ಸಾಕಷ್ಟು ಆಳವಿದೆಯೆಂದು ಖಚಿತಪಡಿಸಿಕೊಂಡು ಹಾಗೆಯೇ ಸಾಗಿರಿ.