ಬಾಕಿ 5 ಲಕ್ಷ, ಕೈಯಲ್ಲಿ ಖಾಲಿ ಚೆಕ್: ಎಷ್ಟು ಬರೆಯಬೇಕು?

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ದಾಲ್‌ಮಿಲ್ ಅದ ಸರ್. ಹೈದರಾಬಾದಿನ ವ್ಯಾಪಾರಿಯೊಬ್ಬರಿಗೆ 8 ಲಕ್ಷ ರೂಪಾಯಿ ತೊಗರಿಬೇಳೆ ಉದ್ರಿ ಕೊಟ್ಟಿದ್ದೆ. ಭದ್ರತೆಗೆ ಅಂತ ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಾರ. ಆಮೇಲೆ ಆರ್‌ಟಿಜಿಎಸ್ ಮೂಲಕ 3 ಲಕ್ಷ ಹಾಕಿದರು, ಈಗ ಫೋನ್ ಎತ್ತುತ್ತಿಲ್ಲ. ‘ಪೂರ್ತಿ 8 ಲಕ್ಷ ಬರೆದು ಬ್ಯಾಂಕಿಗೆ ಹಾಕ್ರಿ, ಹೆದರಿ ಬರ್ತಾರ’ ಅಂತಾರ ನಮ್ಮ ಮುನೀಮರು. ಹಾಕಬಹುದಾ? ಕೇಸಿಗೆ ಹೈದರಾಬಾದಿಗೆ ಓಡಾಡಬೇಕಾ?

ಉತ್ತರ: ಹಾಕಬೇಡಿ. ಗಂಜ್‌ನಲ್ಲಿ ಇಂಥ ಸಲಹೆಗೆ ಬರವಿಲ್ಲ. ಆದರೆ ನಾಳೆ ಪಾಟೀಸವಾಲಿಗೆ ನಿಲ್ಲುವವರು ನೀವು, ಮುನೀಮರಲ್ಲ.

ಚೆಕ್ ಖಾಲಿ ಇತ್ತು, ಭದ್ರತೆಗೆ ಕೊಟ್ಟಿದ್ದು ಎಂಬುದು ದೊಡ್ಡ ತೊಡಕಲ್ಲ. ಸ್ವಇಚ್ಛೆಯಿಂದ ಸಹಿ ಹಾಕಿ ಕೊಟ್ಟ ಚೆಕ್‌ನಲ್ಲಿ ಉಳಿದ ವಿವರವನ್ನು ಪಡೆದವರೇ ತುಂಬಿದರೂ ಅದು ಊರ್ಜಿತ ಎಂದು ಸುಪ್ರೀಂ ಕೋರ್ಟ್ 2019ರ ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಸಾಲ ಇತ್ತೆಂದೇ ಕೋರ್ಟ್ ಮೊದಲು ಭಾವಿಸುತ್ತದೆ. ಇರಲಿಲ್ಲವೆಂದು ತೋರಿಸುವ ಹೊಣೆ ಚೆಕ್ ಕೊಟ್ಟವರ ಮೇಲೆ.

ಪೆಟ್ಟು ಬೀಳುವುದು ಮೊತ್ತದಲ್ಲಿ. 2022ರಲ್ಲಿ ದಶರಥಭಾಯಿ ಪಟೇಲ್ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ ವಿಷಯ ಹೆಚ್ಚುಕಡಿಮೆ ನಿಮ್ಮದೇ: 20 ಲಕ್ಷದ ಚೆಕ್, ನಡುವೆ ನಾಲ್ಕು ಲಕ್ಷಕ್ಕೂ ಹೆಚ್ಚು ಜಮಾ, ಆದರೂ ಚೆಕ್ ಹಾಕಿದ್ದು ಪೂರ್ತಿ ಮೊತ್ತಕ್ಕೆ. ಚೆಕ್ ಬೌನ್ಸ್ ಆಯಿತು, ಆದರೆ ಕೇಸ್ ಬಿದ್ದುಹೋಯಿತು. ಚೆಕ್ ಬ್ಯಾಂಕಿಗೆ ಹೋದ ದಿನ ಅದರಲ್ಲಿರುವ ಮೊತ್ತ ನಿಜವಾಗಿ ಬರಬೇಕಾದ ಬಾಕಿಯಾಗಿರಬೇಕು, ಇಲ್ಲದಿದ್ದರೆ ಚೆಕ್ ಬೌನ್ಸ್‌ಗೆ ಶಿಕ್ಷೆ ಹೇಳುವ ನೆಗೋಶಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅಡಿ ಅಪರಾಧವೇ ಆಗದು ಎಂದಿತು ಕೋರ್ಟ್. ನೀವು 8 ಲಕ್ಷ ಬರೆದರೆ ಎದುರಿನ ವಕೀಲರಿಗೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದು ಸಾಲು ಸಾಕು.

ನಿಮ್ಮ ಚೆಕ್‌ನಲ್ಲಿ ಮೊತ್ತ ಇನ್ನೂ ಖಾಲಿ ಇರುವುದು ನಿಮ್ಮ ಅದೃಷ್ಟ. 5 ಲಕ್ಷ ಬರೆಯಿರಿ. ಬಡ್ಡಿಯನ್ನು ಅದರೊಳಗೆ ಸೇರಿಸುವ ಆಸೆ ಬೇಡ. ತಾರೀಖು ಹಾಕಿದ ಮೂರು ತಿಂಗಳೊಳಗೆ ಚೆಕ್ ಬ್ಯಾಂಕಿಗೆ ಹೋಗಬೇಕು. ಹಾಕುವ ಮುಂಚೆ ಖಾತೆ ಮತ್ತೊಮ್ಮೆ ನೋಡಿ, ನಡುವೆ ಇನ್ನಷ್ಟು ಜಮಾ ಆಗಿದ್ದರೆ ಅದನ್ನೂ ಕಳೆಯಿರಿ. ಬಿಲ್, ಲಾರಿ ರಸೀದಿ, ತೂಕದ ಚೀಟಿ, ಇ-ವೇ ಬಿಲ್ ಎಲ್ಲ ಒಂದೇ ಫೈಲಿನಲ್ಲಿರಲಿ.

ಬೌನ್ಸ್ ಆದರೆ, ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಹಣ ಕೊಡಿ ಎಂದು ಅವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್. ಅವರಿಗೆ ತಲುಪಿದ ಮೇಲೆ ಕೊಡಲು 15 ದಿನ ಗಡುವು. ಆಗಲೂ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಹೈದರಾಬಾದಿಗೆ ಓಡಾಟ ಬೇಕಿಲ್ಲ: 2015ರ ತಿದ್ದುಪಡಿಯ ನಂತರ ನಿಮ್ಮ ಖಾತೆ ಇರುವ ಶಾಖೆಯ ಊರಿನ ಕೋರ್ಟಿಗೇ ಅಧಿಕಾರ. ಚೆಕ್ಕನ್ನು ನಿಮ್ಮ ಕಲಬುರಗಿ ಖಾತೆಗೇ ಹಾಕಿ.

ಬಡ್ಡಿಗೆ ಬೇರೆ ದಾರಿಯಿದೆ. ಮಾಲು ಕಳಿಸುವ ಮೊದಲೇ ನಿಮ್ಮ ಮಿಲ್ಲಿಗೆ ಉದ್ಯಮ್ ನೋಂದಣಿ (ಕೇಂದ್ರ ಸರ್ಕಾರದಲ್ಲಿ ಸಣ್ಣ ಉದ್ಯಮವೆಂದು ಮಾಡಿಸುವ ನೋಂದಣಿ) ಆಗಿತ್ತೇ? ಆಗಿದ್ದರೆ, ಕರಾರಿನಲ್ಲಿ ಏನೇ ಇದ್ದರೂ ಖರೀದಿದಾರರು 45 ದಿನ ಮೀರಿ ಬಾಕಿ ಇಟ್ಟುಕೊಳ್ಳುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಅದಕ್ಕೆ ಸಣ್ಣ ಉದ್ಯಮಗಳ ಬಾಕಿ ತಕರಾರು ನೋಡುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಅರ್ಜಿ ಹಾಕಬಹುದು. ಮಾಲು ಹೋದ ಮೇಲೆ ನೋಂದಣಿ ಮಾಡಿಸಿದ್ದರೆ ಈ ಸಲ ಆ ಲಾಭ ಸಿಗುತ್ತದೆಂಬ ಖಾತರಿಯಿಲ್ಲ, ಮುಂದಿನ ಲೋಡಿನಿಂದ ಸಿಗುತ್ತದೆ.