ಯಜಮಾನರ ಬಿಪಿ ನೋಡಿಸಿದಿರಿ, ನಿಮ್ಮದು?

ಸಿಂಧನೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮನೆಯವರಿಗೆ ಐವತ್ತು ದಾಟಿದೆ. ದಿನಾ ಹೋಟೆಲಿನಲ್ಲಿ ವಗ್ಗರಣೆ-ಮಿರ್ಚಿ, ಮೇಲೊಂದು ಬೀಡಿ. ಬಿಪಿ ನೋಡಿಸಿದೆ, ಆದರೂ ಹೆದರಿಕೆ. ನನ್ನದು ಬರೀ ಮನೆಯೂಟ, ಸ್ವಲ್ಪ ಶುಗರ್ ಇದೆ ಅಷ್ಟೇ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಕಮ್ಮಿ ಅಂತಾರೆ, ನಿಜವೇ? ಅಡುಗೆಗೆ ಯಾವ ಎಣ್ಣೆ ಒಳ್ಳೆಯದು?"

ಅಕ್ಕಾರೆ, ಯಜಮಾನರ ಬಗ್ಗೆ ಇಷ್ಟೆಲ್ಲ ಬರೆದಿರಿ. ನನಗೆ ಚಿಂತೆ ಹತ್ತಿದ್ದು ನಿಮ್ಮ ಆ "ಸ್ವಲ್ಪ ಶುಗರ್" ಓದಿ.

ನೀವು ಕೇಳಿದ್ದು ಅರ್ಧ ನಿಜ. ಹೆಂಗಸರಿಗೆ ತಡವಾಗಿ ಬರುತ್ತದೆ. 52 ದೇಶಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಈ ಅಂತರ ಸುಮಾರು 9 ವರ್ಷ. ಮುಟ್ಟು ನಿಂತ ಮೇಲೆ ಅಪಾಯ ಏರುತ್ತದೆ. ಶುಗರ್ ಇದ್ದರಂತೂ ಈ ರಿಯಾಯಿತಿ ಬಹಳಷ್ಟು ಹೋಯಿತು ಅಂತಲೇ ತಿಳಿಯಿರಿ. ಅದು ಗಂಡಸರಿಗಿಂತ ಹೆಂಗಸರ ಹೃದಯಕ್ಕೇ ಜಾಸ್ತಿ ಪೆಟ್ಟು ಕೊಡುತ್ತದೆ. ಬಸುರಿಯಿದ್ದಾಗ ಬಿಪಿ, ಶುಗರ್ ಏರಿತ್ತಾ? ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

ಇನ್ನು ಮನೆಯೂಟ. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿಂಧನೂರು, ಗಂಗಾವತಿ ಕಡೆ ಜೋಳದ ಹೊಲಗಳು ಗದ್ದೆಯಾದವು. ತಟ್ಟೆಯಲ್ಲೂ ಅನ್ನ ಹೆಚ್ಚಾಯಿತು. ಎಲ್ಲರದೂ ಆದ ಮೇಲೆ ಉಣ್ಣುವ ಹೆಣ್ಣುಮಕ್ಕಳಿಗೆ ಉಳಿಯುವುದೇನು? ಅನ್ನ, ಸಾರು, ಉಪ್ಪಿನಕಾಯಿ. ಪಲ್ಯದ ಪಾತ್ರೆ ಅಷ್ಟರಲ್ಲಿ ಖಾಲಿ. ಇದೂ ಮನೆಯೂಟವೇ, ಅಲ್ವಾ? ಶುಗರ್ ಇದ್ದವರು ಹೀಗೆ ಉಂಡರೆ ಆಗದು. ಪುಂಡಿಪಲ್ಯ, ಕಾಳು ನಿಮ್ಮ ಪಾಲಿಗೂ ಮೊದಲೇ ತೆಗೆದಿಡಿ. ಎಲೆಅಡಿಕೆಗೆ ತಂಬಾಕು ಹಾಕಿಕೊಳ್ಳುವ ರೂಢಿಯಿದ್ದರೆ ಬಿಡಿ. ಹೊಗೆ ಬರದಿದ್ದರೂ ಅದು ಹೃದಯಕ್ಕೆ ಕೇಡೇ.

ಯಜಮಾನರಿಗೆ ಮೊದಲು ಬೀಡಿ ಬಿಡಿಸಿ. ಮಿರ್ಚಿ ವಾರಕ್ಕೊಮ್ಮೆ ಇರಲಿ. ಪೂರ್ತಿ ಬಿಡಿ ಅಂದರೆ ನಮ್ಮ ಕಡೆ ಯಾರು ಕೇಳುತ್ತಾರೆ!

ಎದೆನೋವು ಇಬ್ಬರಿಗೂ ಬರುತ್ತದೆ. ಹೆಂಗಸರಲ್ಲಿ ಅದರ ಜೊತೆ, ಕೆಲವೊಮ್ಮೆ ಅದಿಲ್ಲದೆಯೂ, ದಮ್ಮು, ವಾಕರಿಕೆ, ಬೆನ್ನು ಅಥವಾ ದವಡೆ ನೋವು, ವಿಪರೀತ ಸುಸ್ತು ಕಾಣಿಸಬಹುದು. ಗಂಡಸರಿಗೆ ಹೀಗಾದರೆ ಮನೆಮಂದಿ ಓಡಾಡುತ್ತಾರೆ. ಹೆಣ್ಣುಮಕ್ಕಳು ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ರೊಟ್ಟಿ ಬಡಿಯಲು ಕೂರುತ್ತಾರೆ. ಹಾಗೆ ಮಾಡಬೇಡಿ. ತಕ್ಷಣ 108ಕ್ಕೆ ಫೋನ್ ಮಾಡಿಸಿ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಅಂತ ನೀವೇ ಕೇಳಿ.

ಮುಂದಿನ ಸಲ ಯಜಮಾನರ ಜೊತೆ ಹೋದಾಗ ನಿಮ್ಮ ಬಿಪಿ, ಶುಗರ್, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಸೊಂಟದ ಸುತ್ತಳತೆಯನ್ನು ಮನೆಯಲ್ಲೇ ಟೇಪು ಹಿಡಿದು ನೋಡಬಹುದು. ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು.

ಎಣ್ಣೆ ಶೇಂಗಾದ್ದಾದರೂ ಸರಿ, ಕುಸುಬೆಯದಾದರೂ ಸರಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರು ಸಾಕು. ಕರಿದು ಉಳಿದದ್ದನ್ನು ಮತ್ತೆ ಮತ್ತೆ ಕಾಯಿಸಬೇಡಿ.

– ಸಂ.